ಲಾಡಿಹುಳು ಬಂದ ದಾರಿ

...ಅಥವಾ ಅದು ಧೋತರವೇ ಆಗಿರಲಿಲ್ಲ. ಬಿಳಿ ಧೋತರದ ಮೇಲೆ ಬಿಳಿ ಹುಳು ಅಷ್ಟು ಬೇಗ ಕಣ್ಣಿಗೆ ಬೀಳುತ್ತಿರಲಿಲ್ಲ. ಹಾಗಾದರೆ ಗಂಡನ ಖಾಕಿ ಚಡ್ಡಿ ಇರಬೇಕು. ಒಗೆಯುವ ಕಲ್ಲಿನ ಮೇಲೆ ಹರವಿದ್ದೆ ಎನ್ನುತ್ತದೆ ನೆನಪು. ಆದರೆ ದಾಂಡೇಲಿಯ ನಮ್ಮ ಎರಡು ಖೋಲಿಯ ಮನೆಗೆ ಒಗೆಯುವ ಕಲ್ಲೇ ಇರಲಿಲ್ಲ, ಓಣಿಗೆಲ್ಲ ಒಂದೇ ನಳ. ಕಲ್ಲನ್ನು ತವರಿನ ನೆನಪಿನಿಂದ ತಂದು ನಾನೇ ಇಲ್ಲಿ ಇಟ್ಟಿರಬೇಕು. ಹುಳುವನ್ನು ಮಾತ್ರ ಎಲ್ಲಿಂದಲೂ ತಂದಿಲ್ಲ. ಚಪ್ಪಟೆಯಾಗಿತ್ತು, ಲಾಡಿ ಕತ್ತರಿಸಿದ ತುಂಡಿನ ಹಾಗೆ. ಮೆಲ್ಲಗೆ ಹೊರಳುತ್ತಿತ್ತು.

ನನ್ನ ಗಂಡ ದನದ ದವಾಖಾನೆಯಲ್ಲಿ ಸ್ಟಾಕ್‌ಮನ್, ದನದ ಡಾಕ್ಟರರ ಕೈಕೆಳಗಿನವರು. ಕಾಗದದ ಗಿರಣಿ ಬಂದು ಊರು ಬೆಳೆದ ಮೇಲೆ ಕಸಾಯಿಖಾನೆಯ ತಪಾಸಣೆಯೂ ಅವರ ಕೊರಳಿಗೆ ಬಿತ್ತು. ಕೊಯ್ದ ಮುದಿ ಎತ್ತಿನ ಗಲ್ಲ, ನಾಲಿಗೆ, ಹೃದಯ ಸೀಳಿ ನೋಡಬೇಕು. ಒಳಗೆ ನೆನೆದ ಸಾಬೂದಾಣಿಯಂಥ ಗುಳ್ಳೆಗಳು ತುಂಬಿದ್ದರೆ ಆ ಮಾಂಸ ಮಾರುವಂತಿಲ್ಲ. ಸೀಮೆಎಣ್ಣೆ ಸುರಿದು ಹೂಳಿಸುತ್ತಿದ್ದರು. ಗುಳ್ಳೆಯೊಳಗೆ ಲಾಡಿಹುಳುವಿನ ಮರಿ ಇರುತ್ತದೆ, ಮಾಂಸ ಅರೆಬೆಂದರೆ ತಿಂದವರ ಹೊಟ್ಟೆಯಲ್ಲಿ ಅದು ಬೆಳೆಯುತ್ತದೆ, ಅವರು ಬಯಲಿಗೆ ಕೂತರೆ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ದನಕ್ಕೆ. ಇದನ್ನೆಲ್ಲ ಮದುವೆಯ ಹೊಸದರಲ್ಲಿ ಅವರೇ ನನಗೆ ಹೇಳಿದ್ದು. ಆಮೇಲೆ ಉಪವಾಸದ ದಿನವೂ ನನಗೆ ಸಾಬೂದಾಣಿ ಸೇರಲಿಲ್ಲ.

ನಮ್ಮದು ಲಿಂಗ ಕಟ್ಟಿದ ಮನೆ, ತತ್ತಿ ಕೂಡ ಹೊಸ್ತಿಲು ದಾಟುವಂತಿಲ್ಲ. ಮೈಮೇಲಿನ ಲಿಂಗ ತೆಗೆಯಬಾರದು. ಕಸಾಯಿಖಾನೆಗೆ ಒಯ್ಯಲೂ ಬಾರದು. ಅತ್ತೆ ಇದಕ್ಕೆ ತಾನೇ ಒಂದು ದಾರಿ ಹುಡುಕಿದ್ದಳು. ತಪಾಸಣೆಗೆ ಹೊರಟಾಗ ಮಗನ ಲಿಂಗವನ್ನು ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಅಷ್ಟು ಹೊತ್ತು ಅವಳ ಎದೆಯ ಮೇಲೆ ಎರಡು ಲಿಂಗ. ಅವರು ಬಂದು ಬಾಗಿಲಾಚೆ ಮೈಮೇಲೆ ನೀರು ಸುರಿದುಕೊಂಡ ಮೇಲೆ ಒಂದನ್ನು ತಿರುಗಿ ಕಟ್ಟುವಳು.

ಹುಳುವನ್ನು ಕಾಗದದಲ್ಲಿ ಸುತ್ತಿ ಗಂಡನಿಗೆ ತೋರಿಸಿದೆ. ನೋಡಿದವರು ಗೋಡೆಗೆ ಒರಗಿ ಕೂತರು. ತಪಾಸಣೆಯ ಚಾಕುವಿನಿಂದ ಒಂದು ದಿನ ಸೌತೆಕಾಯಿ ಹೆಚ್ಚಿ ತಿಂದಿದ್ದೆ, ತೊಳೆಯಲು ಮರೆತಿರಬೇಕು ಎಂದರು.

"ಕುದಿಯೂ ನೀರಾಗ ಅದ್ದಲಾರದ ಆ ಚಾಕು ಒರಿಯಾಗ ಹಾಕಾವ್ರಲ್ಲ ನೀವು," ಎಂದೆ.

ನಡುವಿನ ಬಾಗಿಲಿಗೆ ಪರದೆಯಷ್ಟೇ ಇತ್ತು. ಅತ್ತೆ ಆಗಲೇ ಈಚೆ ಬಂದಿದ್ದಳು.

ಅವಳ ತಿಳುವಳಿಕೆಯೇ ಬೇರೆ. ದಿನಾ ಅದನ್ನೇ ನೋಡಿದರೆ ಹೊಟ್ಟೆಯಲ್ಲಿ ಅದೇ ಹುಟ್ಟುತ್ತದೆ, ಕಣ್ಣಿನಿಂದಲೇ ಇಳಿದಿದೆ ಎಂದಳು. ನೌಕರಿ ಬಿಡು ಎಂದಳು. ಬಿಟ್ಟರೆ ಈ ಖೋಲಿಯೂ ಹೋಗುತ್ತದೆ, ಊರಲ್ಲಿ ಹೊಲ ಇಲ್ಲ. ಅದು ಅವಳಿಗೂ ಗೊತ್ತಿತ್ತು.

ಮರುದಿನ ಮಂದಿಯ ದವಾಖಾನೆಗೆ ಮೂವರೂ ಹೋದೆವು. ಅತ್ತೆ ಯಾಕೆ ಬಂದಳೋ, ಅಥವಾ ಬಂದಿದ್ದಳೋ ಇಲ್ಲವೋ. ಬಂದಿರಲೇಬೇಕು, ಇಲ್ಲದಿದ್ದರೆ ಡಾಕ್ಟರರ ಮಾತು ಅವಳ ಕಿವಿಗೆ ಹೇಗೆ ಬಿತ್ತು? ಈ ಹುಳು ಕಣ್ಣಿನಿಂದ ಬರುವುದಿಲ್ಲ, ಬಾಯಿಂದಲೇ ಬರುತ್ತದೆ ಎಂದರು. ಚಾಕುವಿನಿಂದ ಬರಬಹುದೇ ಎಂದು ನನ್ನ ಗಂಡ ಕೇಳಿದರು. ಬಂದರೂ ಬರಬಹುದು, ಆದರೆ ಅಪರೂಪ ಎಂದರು. ಗುಳಿಗೆ ಕೊಟ್ಟರು. ಹುಳುವಿನ ತಲೆ ಹೊರಗೆ ಬಿತ್ತೇ ನೋಡಿರಿ, ಉಳಿದರೆ ಮತ್ತೆ ಬೆಳೆಯುತ್ತದೆ ಎಂದರು.

ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಒಲೆಯ ಹತ್ತಿರ ಕರೆದಳು. ಹಿಂದಿನ ದಿನ ತಪಾಸಣೆಗೆ ಹೊರಟಾಗ ಬಿಚ್ಚಿದ ಮಗನ ಲಿಂಗವನ್ನು ಅವಳು ತಿರುಗಿ ಕಟ್ಟಿರಲಿಲ್ಲ, ಅದು ಇನ್ನೂ ಅವಳ ಕೊರಳಲ್ಲೇ ಇತ್ತು.

"ಚಾಕು ಅಂದಾನ. ಚಾಕೂನ. ನೀ ಇನ್ನ ಕೇಳಬ್ಯಾಡ. ನಾನೂ ಕೇಳೂದಿಲ್ಲ."

"ಕೇಳಿದ್ರ ಏನಾಕ್ಕೈತಿ, ಅತ್ತಿ?"

"ಹೌದು, ತಿಂದೀನಿ ಅಂದ ಅಂದ್ರ ಇದನ್ನ ಯಾರಿಗಿ ಕಟ್ಟಲಿ?"

ಆ ಸಂಜೆ ಲಿಂಗ ಕಟ್ಟಿದಳು. ಗಂಟನ್ನು ಎರಡೆರಡು ಸಲ ಬಿಗಿದಳು ಎಂದು ಬರೆಯಲು ಮನಸ್ಸಾಗುತ್ತದೆ, ನಾನು ನೋಡಲಿಲ್ಲ.

ಆಮೇಲೆ ಅದೇ ಎರಡು ಖೋಲಿಯಲ್ಲಿ ಮೂವರೂ ಅದೊಂದು ಪ್ರಶ್ನೆಯನ್ನು ಸುತ್ತಿ ಬಳಸಿ ಓಡಾಡಿದೆವು. ದನಗಳಿಗೆ ಸೂಜಿ ಹಾಕಲು ಅವರು ಜೋಯಿಡಾ ಕಡೆಯ ಹಳ್ಳಿಗಳಿಗೆ ಹೋಗಿ ಬಂದು, ರಾತ್ರಿ ಹಸಿವಿಲ್ಲ ಎಂದು ಮಲಗಿದರೆ, ನಾನೂ ಅತ್ತೆಯೂ ಪರಸ್ಪರ ಮುಖ ನೋಡುತ್ತಿರಲಿಲ್ಲ. ರೊಟ್ಟಿ ಬುಟ್ಟಿಯಲ್ಲೇ ಉಳಿಯುತ್ತಿತ್ತು. ಬೆಳಿಗ್ಗೆ ನಳದ ಹತ್ತಿರ ಅವರ ಬಟ್ಟೆಯನ್ನು ಎಲ್ಲಕ್ಕಿಂತ ಮೊದಲು ಬಿಡಿಸಿ ನೋಡುತ್ತಿದ್ದೆ.

ತಲೆ ಬಿತ್ತು ಎಂದು ಅವರು ಹೇಳಿದರು. ಸಾಸಿವೆಗಿಂತ ಸಣ್ಣದಂತೆ. ಓಣಿಯ ಪಾಯಿಖಾನೆಯ ಕತ್ತಲಲ್ಲಿ ಅದು ಅವರಿಗೆ ಕಂಡಿತೋ, ನಮ್ಮಿಬ್ಬರ ಸಮಾಧಾನಕ್ಕೆ ಹೇಳಿದರೋ, ಗೊತ್ತಿಲ್ಲ. ಹುಳು ಮತ್ತೆ ಬರಲಿಲ್ಲ. ಅವರು ಮಾಂಸ ತಿಂದಿದ್ದರೋ ಇಲ್ಲವೋ, ಅದೂ ಗೊತ್ತಿಲ್ಲ. ತಿಂದಿದ್ದರೂ ನನಗೇನೂ ಅನಿಸುತ್ತಿರಲಿಲ್ಲ ಎಂದು ಈಗ ಬರೆಯಬಲ್ಲೆ. ಆಗ ಏನು ಅನಿಸುತ್ತಿತ್ತೋ, ಹೇಳಲಾರೆ.