ಅಮಾವಾಸ್ಯೆಯ ದಿನವೂ ಅತ್ತ ಕೂಸು

ನಮ್ಮ ಮೊಮ್ಮಗಳಿಗೆ ಆಗ ಒಂಬತ್ತು ತಿಂಗಳು. ಸೊಸೆ ಹೆರಿಗೆ ರಜೆ ಮುಗಿಸಿ ಯಳಂದೂರಿನ ಕಚೇರಿಗೆ ಮತ್ತೆ ಹೋಗತೊಡಗಿದ್ದಳು. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ನಮ್ಮೆಜಮಾನರು ರೇಷ್ಮೆ ಮಗ್ಗಕ್ಕೆ ಕೂತರೆ, ಪಕ್ಕದ ತೊಲೆಗೆ ಕಟ್ಟಿದ ಸೀರೆ ಜೋಲಿಯಲ್ಲಿ ಕೂಸು. ಮಗ್ಗದ ಸದ್ದು ಕೇಳುತ್ತಾ ಮಲಗೋದು, ಎದ್ದರೆ ನನ್ನ ಸೊಂಟ ಏರೋದು. ಇಡೀ ದಿನ ರಗಳೆಯಿಲ್ಲ, ದೇವರ ದಯೆ.

ಆದರೆ ಸಂಜೆ ಅವಳಮ್ಮ ಹೊಸ್ತಿಲು ದಾಟಿದಳೋ, ಶುರು ಗೋಳು.

ಒಂದು ದಿನ ಸೊಸೆ ಬ್ಯಾಗೂ ಇಳಿಸದೆ ಕೂತುಬಿಟ್ಟಳು. "ಅತ್ತೆ, ನಿಮ್ ತಾವ ನಗ್ತಾ ಇರ್ತಾಳೆ, ನನ್ನ ಕಂಡ್ರೆ ಅಳ್ತಾಳೆ. ನನ್ನ ಮರ್ತೇಬುಟ್ಲು. ಕೆಲ್ಸ ಬುಟ್ಬುಡ್ತೀನಿ."

"ಸುಮ್ನಿರವ್ವ," ಅಂದರು ನಮ್ಮೆಜಮಾನರು. "ನೀನು ಬರೋ ಒತ್ಗೆ ನಾನು ಮಗ್ಗ ನಿಲ್ಲಿಸ್ತೀನಲ್ಲ, ಸದ್ದು ನಿಂತದ್ದಕ್ಕೆ ಅಳ್ತದೆ. ನೇಯೋರ ಮನೆ ಕೂಸು ಕಣವ್ವ ಅದು!"

ನನಗೂ ಇರಬಹುದು ಅನ್ನಿಸಿತು. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಆಡಿಸೋದಿಲ್ಲ. "ಅಂಗಾರೆ ಅಮಾಸೆ ಬರ್ಲಿ, ನೋಡೇಬುಡಣ. ಅಲ್ಲೀಗಂಟ ಕೆಲ್ಸ ಬುಡ್ಬೇಡ," ಅಂದೆ.

ಅಮಾವಾಸ್ಯೆ ಬಂತು. ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಹಚ್ಚಿದೆ. ಬೆಳಗಿನಿಂದ ಸದ್ದೇ ಇಲ್ಲ. ಕೂಸು ಅತ್ತಿತೇ? ಇಲ್ಲವಲ್ಲ! ಮಧ್ಯಾಹ್ನ ತೆವಳುತ್ತಾ ಹೋಗಿ ಮಗ್ಗದ ಕಂಬಕ್ಕೆ ಹಣೆ ಹೊಡಕೊಂಡಾಗಲೂ ತುಟಿ ಸೊಟ್ಟ ಮಾಡಿ ಬಾಗಿಲ ಕಡೆ ನೋಡಿತು, ಅಷ್ಟೆ. ನಾನು ಉಜ್ಜಿದ ಮೇಲೆ ಸುಮ್ಮನಾಯಿತು.

ಸಂಜೆ ಅಮ್ಮ ಬಂದಳು. ಅಬ್ಬಬ್ಬಾ, ಏನು ಅಳು! ಸದ್ದು ನಿಂತದ್ದಕ್ಕೆ ಅನ್ನೋಕೆ ಅವತ್ತು ಮಗ್ಗದ ಸದ್ದೇ ಇರಲಿಲ್ಲ. ಸೊಸೆ ಮುಖ ಬಾಡಿತು. "ಕೊಡಿಲ್ಲಿ," ಅಂತ ಕೈ ಚಾಚಿದೆ. ಕೂಸು ಬರಲಿಲ್ಲ. ಅಳುತ್ತಲೇ ಅಮ್ಮನ ಸೆರಗು ಮುಷ್ಟಿಯಲ್ಲಿ ಹಿಡಿದು ಹಣೆಯನ್ನು ಅವಳ ಕುತ್ತಿಗೆಗೆ ಒತ್ತಿತು. ಮಧ್ಯಾಹ್ನ ಏಟು ಬಿದ್ದ ಹಣೆ.

ನನ್ನದೇ ನೆನಪಾಯ್ತು. ಹಗಲೆಲ್ಲ ಎಲ್ಲರ ಜೊತೆ ನಗುನಗುತ್ತಾ ಇರುತ್ತೇನೆ. ಸಂಜೆ ದೀಪ ಹಚ್ಚಿ ದೇವರ ಮುಂದೆ ಕೂತರೆ ಯಾಕೋ ಕಣ್ಣು ತುಂಬುತ್ತದೆ. ಬೇರೆಯವರ ಮುಂದೆ ಯಾಕೆ ಬರೋದಿಲ್ಲ ಆ ನೀರು?

"ಮರ್ತಿಲ್ಲ ಕಣೆ ಉಚ್ಚಿ," ಅಂದೆ. "ಬೆಳಗ್ನಿಂದ ನಿಂಗೇಂತ ಎತ್ತಿಟ್ಕಂಡಿದ್ಲು."

"ನಗು ನಿಮ್ಗೆ, ಅಳು ನಂಗಾ? ಚೆನ್ನಾಗದೆ ನ್ಯಾಯ!" ಅಂದಳು. ಅನ್ನುತ್ತಲೇ ಕೂಸಿನ ಹಣೆ ಸವರಿದಳು.

ಮಾರನೇ ಬೆಳಿಗ್ಗೆ ಊಟದ ಡಬ್ಬಿ ತಾನೇ ಕೇಳಿ ತಕಂಡು ಬಸ್ಸಿಗೆ ಹೊರಟಳು.