ಏಳನೇ ನಂಬರಿನ ಕಿಟ್ಟು

ನನಗೆ ಗಾದೆ ಹೇಳುವ ಚಟ. ಇಪ್ಪತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿದವನಿಗೆ ಬೇರೆ ಚಟ ಮಾಡುವಷ್ಟು ಧೈರ್ಯ ಎಲ್ಲಿಂದ ಬರಬೇಕು? ಕಾಲೇಜು ಯಾವ ಊರಿನದು ಅಂತ ಬರೆಯುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕರಲ್ಲಿ ಯಾವುದನ್ನಾದರೂ ಅಂದುಕೊಳ್ಳಿ. ನಾನು ಭಾಗ್ಯನಗರದ ಮನೆಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ.

ನಮ್ಮ ಲ್ಯಾಬಿನಲ್ಲಿ ಹತ್ತು ಕಿಟ್ಟುಗಳಿದ್ದವು. ಕಿಟ್ಟು ಅಂದರೆ ಸೂಟ್‌ಕೇಸಿನಂಥ ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೊಂದು ಹಲಗೆ. ಅದರ ಮೇಲೆ ಹುಡುಗರು ಚಿಪ್ ಕೂರಿಸಿ, ವೈರು ಜೋಡಿಸಿ, ಸೊನ್ನೆಯಿಂದ ಹದಿನೈದರವರೆಗೆ ಎಣಿಸುವ ಸರ್ಕ್ಯೂಟು ಕಟ್ಟಬೇಕು. ಎಣಿಕೆ ನಾಲ್ಕು ಸಣ್ಣ ದೀಪಗಳು ಹತ್ತಿ ಆರುವ ಬಗೆಯಲ್ಲಿ ಕಾಣುತ್ತದೆ. ಕೂರಿಸಿದ ಚಿಪ್‌ಗಳೆಲ್ಲ ಒಂದೇ ಹೊತ್ತಿಗೆ ಹೆಜ್ಜೆ ಹಾಕಬೇಕಲ್ಲ, ಅದಕ್ಕೆ ಒಂದು ಕ್ಲಾಕ್ ಇರುತ್ತದೆ, ಪೀಟಿ ಮಾಸ್ತರರ ಸೀಟಿ ಇದ್ದ ಹಾಗೆ. ಆ ಸೀಟಿಯನ್ನು ಎಲ್ಲರಿಗೂ ಸಮನಾಗಿ, ಗಟ್ಟಿಯಾಗಿ ಮುಟ್ಟಿಸುವುದು ಬಫರ್ ಅನ್ನುವ ಚಿಪ್ಪಿನ ಕೆಲಸ. ಅದು ಕಿಟ್ಟಿನ ಹೊಟ್ಟೆಯೊಳಗೇ ಇರುತ್ತದೆ, ಹುಡುಗರ ಕೈಗೆ ಸಿಗುವುದಿಲ್ಲ. ಅದು ಕೆಟ್ಟರೆ ಒಂದೇ ಸಲ ಊದಿದ ಸೀಟಿ ಒಬ್ಬನಿಗೆ ಎರಡು ಸಲ ಕೇಳಿಸುತ್ತದೆ. ಎಣಿಕೆ ದಾರಿ ತಪ್ಪುತ್ತದೆ.

ಪ್ರಾಯೋಗಿಕ ಪರೀಕ್ಷೆಯ ದಿನ ಚೀಟಿ ಎತ್ತಿಸುವುದು ನಮ್ಮಲ್ಲಿಯ ಪದ್ಧತಿ. ಯಾರಿಗೆ ಯಾವ ಕಿಟ್ಟು ಅನ್ನುವುದು ಚೀಟಿಯಲ್ಲಿ ಬಂದ ಹಾಗೆ. ಆ ವರ್ಷ ಏಳನೇ ನಂಬರು ಬಂದದ್ದು ಹಿಟ್ನಾಳದ ಕಡೆಯ ಒಬ್ಬ ಹುಡುಗಿಗೆ. ತಂದೆ ಕುರಿ ಕಾಯುವವನು. ಒಂದು ಕಾರ್ಖಾನೆಯವರು ಕಾಲೇಜಿಗೆ ಬಂದು ಆಕೆಯನ್ನು ಕೆಲಸಕ್ಕೆ ಆರಿಸಿಕೊಂಡಿದ್ದರು. ಷರತ್ತು ಒಂದೇ, ಯಾವ ವಿಷಯವೂ ಬಾಕಿ ಉಳಿಯಬಾರದು. ಆ ಕಾಗದ ಬಂದ ದಿನ ಆಕೆಯ ಅಪ್ಪ ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ನಮಗೆಲ್ಲ ಒಬ್ಬೊಬ್ಬರಿಗೂ ಕೈಮುಗಿದು ಹೋಗಿದ್ದ.

ಪರೀಕ್ಷೆಯಲ್ಲಿ ಹುಡುಗಿಯ ದೀಪಗಳು ಮೂರಾದ ಮೇಲೆ ಐದು ತೋರಿಸಿದವು, ಐದಾದ ಮೇಲೆ ಎಂಟು. ಆಕೆ ವೈರೆಲ್ಲ ಕಿತ್ತು ಮತ್ತೆ ಜೋಡಿಸಿದಳು. ಮತ್ತೆ ಅದೇ. ಮೂರನೇ ಸಲ ಜೋಡಿಸಿ ಎದ್ದು ನಿಂತಳು.

"ಸರ್, ನನ್ನ ಕನೆಕ್ಷನ್ ಬರೋಬರಿ ಅದಾವ್ರಿ. ಕಿಟ್‌ನ್ಯಾಗ ಏನೋ ಐತ್ರಿ. ಬ್ಯಾರೆ ಕಿಟ್ ಕೊಡ್ರಿ ಸರ್, ಹತ್ತು ಮಿನಿಟಿನ್ಯಾಗ ಮಾಡಿ ತೋರಸ್ತೀನಿ."

ನನ್ನ ನಾಲಿಗೆ ತುದಿಗೆ ಗಾದೆ ಬಂದು ಕೂತಿತ್ತು. "ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ!" ಅಂದೆ. ಇಡೀ ಲ್ಯಾಬು ನಕ್ಕಿತು. ಥೂ, ನನ್ನ ಬಾಯಿಗೆ ಮಣ್ಣು ಹಾಕ, ಆ ನಗು ಕೇಳಿ ನನಗೆ ಖುಷಿಯಾಯಿತು.

"ಖರೇನ ಹೇಳಾಕತ್ತೀನ್ರಿ ಸರ್."

"ಸುಮ್ಮ ಕುಂದ್ರು. ಎಲ್ಲಾ ಕಿಟ್ಟೂ ಛಲೋ ಅದಾವು ಅಂತ ನಾನ ಸಹಿ ಮಾಡೀನಿ."

ಬೇರೆ ಕಿಟ್ಟು ಕೊಡಲಿಲ್ಲ. ನಾಪಾಸಿನ ಅಂಕ ಬರೆದೆ. ಹೊರಗಿನಿಂದ ಬಂದ ಪರೀಕ್ಷಕರಿಗೆ ಬಸ್ಸಿನ ಚಿಂತೆ. ನಾನು ತೋರಿಸಿದ ಕಡೆ ರುಜು ಹಾಕಿ ಎದ್ದರು.

ಮೂರು ದಿನದ ಮೇಲೆ ಬೇರೆ ತರಗತಿಗೆ ಅದೇ ಪ್ರಯೋಗ ಮಾಡಿ ತೋರಿಸಬೇಕಾಗಿತ್ತು. ಕೈಗೆ ಸಿಕ್ಕದ್ದು ಏಳನೇ ಕಿಟ್ಟು. ನಾನೇ ಜೋಡಿಸಿದೆ. ಮೂರಾದ ಮೇಲೆ ಐದು, ಐದಾದ ಮೇಲೆ ಎಂಟು. ಹುಡುಗರನ್ನು ಹೊರಗೆ ಕಳಿಸಿ, ಕ್ಲಾಕನ್ನು ಆಸಿಲೋಸ್ಕೋಪಿನ ಪರದೆಯ ಮೇಲೆ ನೋಡಿದೆ. ಗೋಡೆಯ ಹಾಗೆ ನೆಟ್ಟಗೆ ಏಳಬೇಕಾದ ಗೆರೆ ದಿಬ್ಬ ಹತ್ತಿದಂತೆ ಏಳುತ್ತಿತ್ತು, ನಡುವೆ ಒಮ್ಮೆ ತಡವರಿಸಿ ಕೆಳಗಿಳಿದು ಮತ್ತೆ ಏರುತ್ತಿತ್ತು. ಬಫರ್ ಸತ್ತಿತ್ತು. ಹುಡುಗಿಯ ಜೋಡಣೆಯಲ್ಲಿ ಏನೂ ತಪ್ಪಿರಲಿಲ್ಲ.

ನಮ್ಮ ಲ್ಯಾಬಿನ ಹಿರಿಯ ಸಹಾಯಕ ಹಿಂದೆಯೇ ನಿಂತಿದ್ದ. ಆತ ಕಡಿಮೆ ಮಾತಿನವನು.

"ಅದು ತಪಾಸಣಿ ಬರೂಕಿಂತ ಮೊದಲ ಕೆಟ್ಟೈತ್ರಿ ಸರ. ನಿಮಗ ಹೇಳಿದ್ನೆಲ್ರಿ. 'ಈಗ ಕೆಟ್ಟೈತಿ ಅಂತ ಬರದ್ರ ನೂರೆಂಟು ಕೇಳ್ತಾರ, ತಪಾಸಣಿ ಮುಗೀಲಿ' ಅಂದ್ರಿ."

ಅಂದಿದ್ದೆ. ಪರೀಕ್ಷೆಗೆ ಮೊದಲು ಮೇಲಿನವರು ಲ್ಯಾಬು ತಪಾಸಣೆಗೆ ಬಂದಾಗ ಹತ್ತೂ ಕಿಟ್ಟುಗಳ ಮುಂದೆ 'ಸುಸ್ಥಿತಿಯಲ್ಲಿದೆ' ಅಂತ ಬರೆದು ಸಹಿ ಮಾಡಿದ್ದೆ. ಆಮೇಲೆ ಮರೆತಿದ್ದೆ.

ಅಂಕಪಟ್ಟಿಯ ಲಕೋಟೆ ಬೋರ್ಡಿಗೆ ಹೋಗದೆ ಇನ್ನೂ ಕಪಾಟಿನಲ್ಲೇ ಇತ್ತು. ಕಿಟ್ಟು ಕೆಟ್ಟಿತ್ತು, ಆಕೆಗೆ ಮತ್ತೊಮ್ಮೆ ಪರೀಕ್ಷೆ ಮಾಡಬೇಕು ಅಂತ ಒಂದು ಕಾಗದ ಬರೆದರೆ ಮುಗಿಯುತ್ತಿತ್ತು. ವಿಭಾಗದ ಮುಖ್ಯಸ್ಥರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ಎಲ್ಲ ಕೇಳಿ, ಕನ್ನಡಕ ತೆಗೆದಿಟ್ಟರು.

"ಬರೀರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಸುಸ್ಥಿತಿ ಅಂತ ಬರದಾಂವ ಯಾರು ಅಂತ ಮೊದಲ ಕೇಳ್ತಾರ. ನಿಮ್ಮ ಬಡ್ತಿ ಫೈಲು ಮ್ಯಾಲೆ ಹೋಗೇತಿ. ವಿಚಾರ ಮಾಡ್ರಿ. ಹುಡುಗಿಗೆ ಆರು ತಿಂಗಳಿಗೆ ಮತ್ತ ಪರೀಕ್ಷಾ ಇದ್ದ ಐತಿ."

ವಿಚಾರ ಮಾಡಿದೆ. ಬಸ್ಸಿನಲ್ಲಿ ಮಾಡಿದೆ, ಊಟಕ್ಕೆ ಕೂತು ಮಾಡಿದೆ. ಹೆಂಡತಿಗೂ ಹೇಳಲಿಲ್ಲ. ಎರಡನೆಯ ದಿನ ಲಕೋಟೆ ಹೋಯಿತು. ನಾನು ಮಾಡಿದ್ದು ಇಷ್ಟೇ: ಹೊಸ ಬಫರ್ ತರಿಸಿ, ಬಾಗಿಲು ಮುಂದೆ ಮಾಡಿಕೊಂಡು, ಏಳನೇ ಕಿಟ್ಟಿನ ಹಳೆಯದನ್ನು ಕಿತ್ತು ಆ ಜಾಗದಲ್ಲಿ ಕೂರಿಸಿದೆ. ಐದು ನಿಮಿಷದ ಕೆಲಸ. ಅಲ್ಲಾ, ಐದೇ ನಿಮಿಷ!

ಹುಡುಗಿ ಅದೊಂದರಲ್ಲೇ ನಾಪಾಸು. ಕಾರ್ಖಾನೆಯವರು ಬೇರೆ ಯಾರನ್ನೋ ತೆಗೆದುಕೊಂಡರು. ಆಕೆ ಕುಷ್ಟಗಿಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಳು ಅಂತ ಸುದ್ದಿ ಬಂತು. ಆರು ತಿಂಗಳ ಮೇಲೆ ಬಂದು ಮತ್ತೆ ಚೀಟಿ ಎತ್ತಿದಳು, ಬಂದದ್ದು ಅದೇ ಏಳನೇ ನಂಬರು. ಕಾಲು ಗಂಟೆಯಲ್ಲಿ ದೀಪಗಳು ಹದಿನೈದರವರೆಗೆ ಒಂದೂ ತಪ್ಪದೆ ಎಣಿಸಿದವು. ಅಷ್ಟರಲ್ಲಿ ನನಗೆ ಬಡ್ತಿಯ ಆದೇಶವೂ ಬಂದಿತ್ತು.

ಫಲಿತಾಂಶದ ಮರುದಿನ ಆಕೆ ಪೇಢೆಯ ಡಬ್ಬಿ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ಮುಖ್ಯಸ್ಥರಿದ್ದರು, ಲ್ಯಾಬಿನ ಸಹಾಯಕನಿದ್ದ. ಎಲ್ಲರಿಗೂ ಕೊಟ್ಟು, ಕೊನೆಗೆ ನನ್ನ ಹತ್ತಿರ ಬಂದು ಕಾಲು ಮುಟ್ಟಿದಳು.

"ಸರ್, ಅವತ್ತು ತಪ್ಪು ನಂದ ಇತ್ರಿ. ಸುಮ್ಮನ ಕಿಟ್ ಮ್ಯಾಲೆ ಹಾಕಿದೆ. ಎಲ್ಲಾರ ಮುಂದ ನಿಮಗ ಎದುರು ಮಾತಾಡಿದೆ. ಭಾಳ ದಿನಾ ಮನಸಿಗೆ ಹತ್ತಿತ್ರಿ. ಕ್ಷಮಾ ಮಾಡ್ರಿ."

ಮುಖ್ಯಸ್ಥರು ಕಿಟಕಿಯ ಕಡೆ ನೋಡಿದರು. ಸಹಾಯಕ ತನ್ನ ಪಾಲಿನ ಪೇಢೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಹುಡುಗಿ ತಲೆ ತಗ್ಗಿಸಿಕೊಂಡು ಕಾಯುತ್ತಿದ್ದಳು. ನನ್ನ ಬಾಯಿತುಂಬ ಪೇಢೆ. ಹೇಳುವುದಿದ್ದರೆ ಆಗ ಹೇಳಬೇಕಾಗಿತ್ತು.

"ಇರ್ಲಿ ಬಿಡವಾ, ಸಣ್ಣಾಕಿ ನೀನು," ಅಂದೆ. ಆಕೆಯ ತಲೆಯ ಮೇಲೆ ಕೈಯಿಟ್ಟು ಕ್ಷಮಿಸಿದೆ.