ಗಿರಣಿಯ ಕೊನೆಯ ಸರದಿ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಮಾವನವರು ಹಾಕಿಸಿದ್ದು. ಅವರು ಹಾಸಿಗೆ ಹಿಡಿದ ಮೇಲೆ ಗಿರಣಿ ನನ್ನ ಕೈಗೆ ಬಂತು. ಯಜಮಾನರಿಗೆ ತರೀಕೆರೆಯ ಗೊಬ್ಬರದಂಗಡಿಯಲ್ಲಿ ಕೆಲಸ; ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ಹಗಲೆಲ್ಲ ಆ ಸದ್ದು, ಆ ಧೂಳು, ನಾನು.

ಊರಿಗೆ ಯಾರು ಹೊಸದಾಗಿ ಬಂದರು ಎಂಬುದು ಬೇರೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಮೊದಲು ನಮ್ಮಲ್ಲಿಗೆ ಬರುತ್ತಿದ್ದದ್ದು ರಾಗಿ, ಜೋಳ, ರೊಟ್ಟಿಗೆ ಅಕ್ಕಿ, ಹಬ್ಬ ಬಂದರೆ ಕಡಲೆಬೇಳೆ. ಚೀಲದ ಹೊಲಿಗೆ ನೋಡಿಯೇ ಇದು ಯಾರ ಮನೆಯದು ಎಂದು ಹೇಳಿಬಿಡುತ್ತಿದ್ದೆ. ಊರು ತಾಲೂಕು ಕೇಂದ್ರವಾಯಿತು, ಹೊಸ ಕಟ್ಟಡಗಳು ಎದ್ದವು, ಟೈಲ್ಸ್ ಹಾಕುವವರು, ಗಾರೆಯವರು, ಗೋಬಿ ಗಾಡಿಯವರು ರೈಲಿಳಿದು ಬಂದರು. ಗೋಧಿ ಬರತೊಡಗಿತು. ಹುರಿದ ಕಡಲೆಯನ್ನು ಸಿಪ್ಪೆಸಮೇತ ತಂದು ಹಿಟ್ಟು ಮಾಡಿಕೊಡಿ ಎಂದರು. ಅದನ್ನು ನೀರಿಗೆ ಕಲಸಿ ಕುಡಿಯುತ್ತಾರಂತೆ. ಬಿಹಾರದವರೋ, ಒಡಿಶಾದವರೋ, ಅಸ್ಸಾಮಿನವರೋ ನಾವು ಕೇಳಲಿಲ್ಲ. ಎಲ್ಲರಿಗೂ ‘ಹಿಂದಿಯೋರು’ ಎಂದು ಒಂದೇ ಹೆಸರಿಟ್ಟೆವು.

ಅವರು ಬಂದಾಗ ನಾನು ಚೀಲದೊಳಗೆ ಕೈಹಾಕಿ ನೋಡುತ್ತಿದ್ದೆ. ನಮ್ಮವರ ಚೀಲಕ್ಕೆ ಎಂದೂ ಹಾಗೆ ಕೈಹಾಕಿದವಳಲ್ಲ. ಕಲ್ಲು ಹಾಳಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಅವರಲ್ಲೊಬ್ಬ ಹೆಂಗಸು. ಮೂವತ್ತರ ಆಸುಪಾಸು, ಸಣ್ಣ ಮೈಕಟ್ಟು, ಮಾತು ಕಡಿಮೆ. ಗಂಡ ಸರ್ಕಾರಿ ಕಟ್ಟಡಕ್ಕೆ ಟೈಲ್ಸ್ ಹಾಕುತ್ತಿದ್ದ. ಸ್ಟೇಷನ್ ಹಿಂದಿನ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದರು. ಅಸ್ಸಾಮಿನವಳು ಎಂದು ಆಮೇಲೆ ತಿಳಿಯಿತು. ಒಂದು ದಿನ ಸ್ಟೀಲ್ ಡಬ್ಬಿಯಲ್ಲಿ ಏನೋ ಕಪ್ಪಗಿನ ಕಾಳು ತಂದಳು. ಹುರಿದದ್ದು, ಹೊಗೆಯ ವಾಸನೆ. ಏನಿದು ಎಂದರೆ “ಚಾವಲ್, ಚಾವಲ್” ಎಂದಳು. ಕಪ್ಪು ಅಕ್ಕಿಯನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಆದರೂ ಹಾಕಿದೆ. ನೇರಳೆಗೆ ತಿರುಗಿದ ಬೂದು ಬಣ್ಣದ ಹಿಟ್ಟು ಬಿತ್ತು.

ಅವಳ ಹಿಂದೆ ನಿಂತಿದ್ದವರು ಮಠದ ಬೀದಿಯ ದೊಡ್ಡಮ್ಮ. ನಮ್ಮ ಪೈಕಿಯವರೇ, ಮಾವನವರ ಕಾಲದಿಂದ ಬರುತ್ತಿದ್ದವರು. ಅವರ ಅಕ್ಕಿಹಿಟ್ಟಿನಲ್ಲಿ ಮೊದಲು ಬಿದ್ದ ಒಂದು ಪದರ ನೇರಳೆ ಗೀರಾಗಿ ಕಂಡಿತು. ಚೀಲ ಬಗ್ಗಿಸಿ ನೋಡಿದ ದೊಡ್ಡಮ್ಮನ ಮುಖ ಕೆಂಪಾಯಿತು.

“ಏನೇ ಇದು? ಏನ್ ಹಾಕಿದ್ಯೇ ಕಲ್ಲಿಗೆ?”

“ಅಕ್ಕಿಯಂತೆ ದೊಡ್ಡಮ್ಮ. ಅವ್ರ ಕಡೆ ಕಪ್ಪಕ್ಕಿ.”

“ಅಕ್ಕಿಗೆ ಈ ವಾಸ್ನೆ ಬತ್ತದೇನೇ? ಒಣಮೀನು ಪುಡಿ ಮಾಡ್ಸ್ಕೊಂಡು ಹೋಗವ್ಳೆ, ನೀನು ಪೂಜೆ ಮಾಡೋ ಮನೆ ಹಿಟ್ಟನ್ನ ಅದರ ಮೇಲೆ ಹಾಕ್ತೀಯ!”

ಚೀಲ ಅಲ್ಲೇ ಬಿಟ್ಟು ಹೋದರು. ಮಾರನೆಯ ವಾರ ಅವರ ಸೊಸೆ ಬೇರೆ ಗಿರಣಿಯತ್ತ ಹೋಗುವುದನ್ನು ಕಂಡೆ. ಅವರ ಬೀದಿಯ ಇನ್ನೂ ಮೂರು ಮನೆಯವರು ಕಾಣೆಯಾದರು. ಯಜಮಾನರಿಗೆ ಬಸ್ಸಿನಲ್ಲಿಯೇ ಸುದ್ದಿ ಸಿಕ್ಕಿತ್ತು. “ನಿಮ್ಮ ಗಿರಣೀಲಿ ಏನೇನೋ ಬೀಸ್ತಾರಂತಲ್ಲ ಅಂತ ಕೇಳ್ತಾರೆ ಕಣೇ. ಏನ್ ಹೇಳ್ಲಿ?” ಎಂದರು.

ನಾನು ಒಂದು ನಿಯಮ ಮಾಡಿದೆ. ಹೊರಗಿನವರು ಸಂಜೆ ಐದರ ಮೇಲೆ ಬರಬೇಕು. ಅವರದಾದ ಮೇಲೆ ಕಲ್ಲು ಬಿಚ್ಚಿ ಗುಡಿಸುತ್ತೇನೆ. ಬೆಳಿಗ್ಗೆ ಊರಿನವರಿಗೆ ಶುದ್ಧವಾದ ಕಲ್ಲು. ಮೊಬೈಲಿನಲ್ಲಿ ಹಿಂದಿಗೆ ತಿರುಗಿಸಿ ಅವರಿಗೆ ಕೇಳಿಸಿದೆ. ಯಾರೂ ಜಗಳ ತೆಗೆಯಲಿಲ್ಲ. ಸಂಜೆ ಮೆಟ್ಟಿಲ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಜಗಳ ಆಡದೆ ಒಪ್ಪಿಕೊಂಡದ್ದೇ ನನಗೆ ಅನುಮಾನಕ್ಕೆ ಕಾರಣವಾಯಿತು. ಮರೆಮಾಚುವುದೇನೋ ಇರಬೇಕು, ಅದಕ್ಕೇ ಸುಮ್ಮನಿದ್ದಾರೆ ಎಂದುಕೊಂಡೆ.

ಒಂದು ಸಂಜೆ ನಿವೃತ್ತ ಅಂಗನವಾಡಿ ಟೀಚರಮ್ಮ ತಡವಾಗಿ ರಾಗಿ ತಂದರು. ಕಾಲೋನಿಯ ಹಳೆಯ ಮನೆತನ; ಈಚೆಗೆ ಬೌದ್ಧರಾಗಿದ್ದಾರೆ. ಮೆಟ್ಟಿಲ ಮೇಲೆ ಕೂತವರನ್ನು ನೋಡಿದರು, ನಾನು ಅವರನ್ನು ದಾಟಿಸಿ ಟೀಚರಮ್ಮನ ರಾಗಿಯನ್ನು ಮೊದಲು ಹಾಕಿದ್ದನ್ನೂ ನೋಡಿದರು.

“ಇವ್ರನ್ಯಾಕಮ್ಮ ಕೂರ್ಸಿದೀರಿ?”

“ಅವ್ರದ್ದು ಕೊನೇಗೆ ಟೀಚರಮ್ಮ. ಕಲ್ಲು ಗಲೀಜಾಗ್ತದೆ.”

ಅವರು ನಕ್ಕರು. “ನಮ್ದೂ ಹಂಗೇ ಆಗ್ತಿತ್ತು ಕಣಮ್ಮ. ನಿಮ್ಮ ಮಾವನೋರು ನಮ್ಮವ್ವನ್ನ ಇದೇ ಮೆಟ್ಲ ಮೇಲೆ ಕೂರ್ಸ್ತಿದ್ರು. ದೀಪ ಹಚ್ಚೋ ಹೊತ್ತಿಗೆ ನಮ್ಮ ರಾಗಿ.”

ನಾನು ಹಿಟ್ಟು ಬೀಳುವ ಬಟ್ಟೆಯ ತೋಳನ್ನು ಜಾಡಿಸುವ ನೆಪದಲ್ಲಿ ಆ ಕಡೆ ತಿರುಗಿದೆ. ಇಷ್ಟು ವರ್ಷ ಒಂದು ಮಾತೂ ಆಡದವರು ಇವತ್ತು ಯಾಕೆ ಹೇಳಿದರು, ನನ್ನನ್ನು ಚುಚ್ಚುವುದಕ್ಕೋ ಎಂದು ಅವರ ಮೇಲೂ ಸಂಶಯ ಬಂತು.

ಆ ಹೆಂಗಸು ಮತ್ತೆ ಕಪ್ಪಕ್ಕಿ ತಂದಳು. ಒಣಮೀನೋ ಅಲ್ಲವೋ ಖಚಿತ ಮಾಡಿಕೊಳ್ಳಲೇಬೇಕು ಎನಿಸಿ, ಅವಳು ಫೋನಿನಲ್ಲಿ ಮಾತಾಡುತ್ತಿರುವಾಗ ಬಿಸಿ ಹಿಟ್ಟಿನಲ್ಲಿ ಒಂದು ಹಿಡಿ ತೆಗೆದು ಪೇಪರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ತಲೆ ಎತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ಡಬ್ಬಿ ಮುಚ್ಚಿಕೊಂಡು ಹೋದಳು. ಮನೆಗೆ ಬಂದು ಬಾಯಿಗೆ ಹಾಕಿಕೊಂಡೆ. ಹುರಿದ ಅಕ್ಕಿಯ ರುಚಿ, ನಮ್ಮ ತಂಬಿಟ್ಟಿನ ಹಿಟ್ಟಿಗಿಂತ ಸ್ವಲ್ಪ ಒಗರು. ಮೀನೂ ಇಲ್ಲ, ಏನೂ ಇಲ್ಲ.

ಮುಂದಿನ ಸಲ ಅವಳು ಬಂದಾಗ ಕೈಯಲ್ಲಿ ಕೊಕ್ಕೆಯ ಸಣ್ಣ ತೂಕದ ಯಂತ್ರವಿತ್ತು. ಎಲ್ಲರೆದುರು ಗೋಧಿಯ ಚೀಲವನ್ನು ಅದಕ್ಕೆ ನೇತುಹಾಕಿ ತೂಗಿದಳು. ಬೀಸಿದ ಮೇಲೆ ಮತ್ತೆ ತೂಗಿದಳು. ಮುಳ್ಳು ಹಿಂದೆ ನಿಂತಿತು.

“ಕಮ್ ಹೈ,” ಎಂದಳು. ಕಡಿಮೆ ಇದೆ.

ನಮ್ಮ ಗಿರಣಿಗೆ ಯಾರೂ ತಕ್ಕಡಿ ತಂದವರಲ್ಲ. “ನಾನೇನು ಕಳ್ಳೀನಾ? ಕಲ್ಲು ತಿಂತದೆ ಕಣೇ, ಕಲ್ಲು!” ಎಂದು ಕೂಗಿದೆ. ಅವಳಿಗೆ ಅರ್ಥವಾಗಲಿಲ್ಲ. ಅವಳು ಮುಷ್ಟಿ ಕಟ್ಟಿ ತನ್ನ ಸೊಂಟ ತೋರಿಸಿದಳು. ಅಂದು ನಾನು ಪೊಟ್ಟಣ ಸಿಕ್ಕಿಸಿಕೊಂಡ ಜಾಗ ಅದು. ಮೆಟ್ಟಿಲ ಮೇಲಿದ್ದವರೆಲ್ಲ ನನ್ನ ಸೊಂಟ ನೋಡಿದರು. ಆ ಹೊತ್ತಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ತೋರಿಸಿಯೇ ಬಿಡುತ್ತೇನೆ ಎಂದು ಮೋಟಾರು ನಿಲ್ಲಿಸಿ ಕಲ್ಲು ಬಿಚ್ಚಿದೆ. ಸಂದಿಯಲ್ಲಿ, ಬಟ್ಟೆಯ ತೋಳಿನಲ್ಲಿ, ಗಿರಣಿಯ ಬಾಯಿಯ ಮೂಲೆಯಲ್ಲಿ ಹಿಟ್ಟು ಮೆತ್ತಿಕೊಂಡಿತ್ತು. ಬಟ್ಟೆಯನ್ನು ಬಡಿದೆ, ಬ್ರಷ್ಷಿನಿಂದ ಗುಡಿಸಿದೆ. ಅವಳು ಬಗ್ಗಿ ತನ್ನ ಚೀಲಕ್ಕೆ ಎಲ್ಲವನ್ನೂ ಬಳಿದುಕೊಳ್ಳುತ್ತಾ ಒಂದು ಕಡೆ ತಡೆದು ನಿಂತಳು. ಅಲ್ಲಿ ಕಂದು ಬಣ್ಣದ ರಾಗಿಹಿಟ್ಟು ಸೇರಿಕೊಂಡಿತ್ತು. ಅದನ್ನು ಬೆರಳಲ್ಲಿ ತೆಗೆದು ಮೂಸಿ, “ಕಿಸ್ಕಾ?” ಎಂದಳು. ಯಾರದು ಇದು? ನಾನು ಹೇಳುವಷ್ಟರಲ್ಲಿ ಮುಖ ಸಿಂಡರಿಸಿ ಆ ಭಾಗವನ್ನು ಪಕ್ಕಕ್ಕೆ ತಳ್ಳಿದಳು. ಊರಿನವರ ರಾಗಿ ಅವಳಿಗೆ ಬೇಡವಾಗಿತ್ತು. ನನಗೆ ಸಿಟ್ಟಿನಲ್ಲೂ ನಗು ಬಂತು.

ಮತ್ತೆ ತೂಗಿದಾಗ ಮುಳ್ಳು ಹೆಚ್ಚುಕಡಿಮೆ ಮೊದಲಿನ ಜಾಗಕ್ಕೇ ಬಂತು. ಅವಳು ತಲೆಯಾಡಿಸಿ ಹೊರಟಳು. ನಾನು ಅಲ್ಲೇ ಕೂತೆ. ಗೆದ್ದೆ ಎಂದುಕೊಂಡಿದ್ದವಳಿಗೆ ನಿಧಾನವಾಗಿ ಒಂದು ಲೆಕ್ಕ ಹೊಳೆಯಿತು. ಬೆಳಿಗ್ಗೆ ಮೊದಲು ಮನೆಯದೇ ಒಂದು ಬೊಗಸೆ ಕಾಳು ಹಾಕಿ ಕಲ್ಲಿನ ಹೊಟ್ಟೆ ತುಂಬಿಸುತ್ತೇವೆ. ಹಾಗಾಗಿ ಮೊದಲು ಬಂದವರಿಗೆ ನಷ್ಟವಿಲ್ಲ. ಮಧ್ಯದವರ ಹಿಟ್ಟು ಒಬ್ಬರದು ಇನ್ನೊಬ್ಬರಿಗೆ ಹೋಗಿ ಸರಿದೂಗುತ್ತದೆ. ಹೇಗೂ ಆಮೇಲೆ ಗುಡಿಸುತ್ತೇನಲ್ಲ ಎಂದು ಕೊನೆಯ ಸರದಿಯವರಿಗೆ ಮಾತ್ರ ನಾನು ಬಟ್ಟೆ ಬಡಿದು ಕೊಡುತ್ತಿರಲಿಲ್ಲ; ಅವರದು ಕಲ್ಲಿನಲ್ಲೇ ಉಳಿಯುತ್ತಿತ್ತು. ಅದನ್ನು ನಾನು ದಿನಾ ಸಂಜೆ ಗುಡಿಸಿ ನಮ್ಮ ಹಸುವಿನ ಕಲಗಚ್ಚಿಗೆ ಹಾಕುತ್ತಿದ್ದೆ. ಹಾಗಾದರೆ ಅವಳ ಅನುಮಾನ ಸುಳ್ಳೇನೂ ಅಲ್ಲ. ನಿಯಮ ಮಾಡಿದ ದಿನದಿಂದ ಅವರ ಹಿಟ್ಟು ನಮ್ಮ ಕೊಟ್ಟಿಗೆಗೆ ಹೋಗುತ್ತಿತ್ತು.

ನಿಯಮ ತೆಗೆದೆ. ಬಂದವರದು ಬಂದ ಹಾಗೆ. ಕಪ್ಪಕ್ಕಿ ಬಂದ ದಿನ ಮಾತ್ರ ಕಲ್ಲು ಗುಡಿಸಿ, ಗುಡಿಸಿದ್ದನ್ನು ಅವರ ಡಬ್ಬಿಗೇ ಹಾಕುತ್ತೇನೆ. ದೊಡ್ಡಮ್ಮ ಮರಳಿ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಾರೆ, ಗಿರಣಿಯ ವಿಷಯ ಎತ್ತುವುದಿಲ್ಲ. ಅಸ್ಸಾಮಿನವಳು ಬರುತ್ತಾಳೆ. ನನ್ನ ಕೈಗಳ ಮೇಲೆ ಅವಳ ಕಣ್ಣು ಇದ್ದೇ ಇರುತ್ತದೆ. ಹೊಸ ಚೀಲ ಕಂಡರೆ ನನ್ನ ಮೂಗೂ ತಾನಾಗಿ ಆ ಕಡೆ ಹೋಗುತ್ತದೆ.

ಟೀಚರಮ್ಮನಿಗೆ ಈ ಜಗಳದ ಸುದ್ದಿ ಮುಟ್ಟಿತ್ತು. ರಾಗಿ ತಂದಾಗ ನಾನೇ ನಡೆದದ್ದನ್ನೆಲ್ಲ ಹೇಳಿದೆ, ಹಸುವಿನ ವಿಷಯವನ್ನೂ.

“ಆ ಹೆಣ್ಮಗಳಿಗೆ ಧೈರ್ಯ ಅದೆ ಕಣಮ್ಮ,” ಎಂದರು. “ನಮ್ಮವ್ವ ತಕ್ಕಡಿ ತಂದಿದ್ರೆ ಊರಲ್ಲಿ ಇರೋಕೆ ಬಿಡ್ತಿದ್ರಾ?” ಚೀಲದ ಬಾಯಿ ಕಟ್ಟುತ್ತಾ ಕೇಳಿದರು: “ಆವಾಗ ನಿಮ್ಮನೇಲಿ ಹಸು ಇತ್ತಾ?”

“ಎಮ್ಮೆ ಇದ್ವು,” ಎಂದೆ. “ಎರಡು.”

ಚೀಲ ತಲೆಯ ಮೇಲಿಟ್ಟುಕೊಳ್ಳಲು ನಾನು ಕೈಕೊಟ್ಟೆ, ಅವರು ರಸ್ತೆ ದಾಟಿ ಹೋದರು.